ಬ್ರೇಕಿಗೆ ಕಟ್ಟಿದ ಅರಿಷಿಣದ ದಾರ

ಊರ ಹೊರಗಿನ ಕಾತ್ರಜ ಘಾಟಿನ ಏರಿನಲ್ಲಿ ನನ್ನ ಹಳೆಯ ಕಾರು ಮುಷ್ಕರ ಹೂಡಿದಾಗ ಬೆಳಗಿನ ಹತ್ತು ಗಂಟೆ. ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಹೊರಟಿದ್ದೆ, ಅಷ್ಟೇ. ಟ್ರಾಫಿಕ್ಕಿನಲ್ಲಿ ನಾಲ್ಕಾರು ಸಲ ಬ್ರೇಕ್ ತುಳಿದ ಮೇಲೆ ಗಾಡಿ ಭಾರವಾಗತೊಡಗಿತು. ಕೊನೆಗೆ ನಾಲ್ಕೂ ಗಾಲಿ ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಹಿಂದಿದ್ದ ಸಾತಾರಾ ಬಸ್ಸಿನ ಚಾಲಕ ನನ್ನ ವಯಸ್ಸಿನ ಬಗ್ಗೆ ಮರಾಠಿಯಲ್ಲಿ ಏನೋ ಅಂದ. ನಾನೂ ಮರಾಠಿಯಲ್ಲೇ ಅವನಪ್ಪನ ವಯಸ್ಸು ಕೇಳಿದೆ. ಅರ್ಧ ಗಂಟೆ ಕಾದೆ. ಗಾಲಿಗಳು ತಣ್ಣಗಾದ ಮೇಲೆ ಗಾಡಿ ಏನೂ ಆಗಿಯೇ ಇಲ್ಲವೆಂಬಂತೆ ಉರುಳಿತು.

ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇರುವ ಕಾರು ಅದು. ಕೊಂಡಾಗಿನಿಂದ ಅದರ ರಿಪೇರಿಯೆಲ್ಲ ನನ್ನದೇ. ಬೇರೆಯವರ ಕೈಗೆ ಪಾನಾ, ಸ್ಕ್ರೂಡ್ರೈವರ್ ಕೊಟ್ಟರೆ ನನಗೆ ಮೈ ಉರಿಯುತ್ತದೆ. ಆದರೆ ಬ್ರೇಕಿನ ಕೆಲಸ ಒಬ್ಬನಿಂದ ಆಗುವುದಿಲ್ಲ. ಪೈಪಿನೊಳಗಿನ ಗಾಳಿ ತೆಗೆಯಬೇಕಾದರೆ ಒಬ್ಬರು ಗಾಲಿಯ ಹತ್ತಿರ ಮಲಗಿ ಸ್ಕ್ರೂ ಸಡಿಲಿಸಬೇಕು, ಇನ್ನೊಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು. ನಮ್ಮ ಮನೆಯಲ್ಲಿ ಪೆಡಲ್ ಒತ್ತುವವಳು ನನ್ನ ಹೆಂಡತಿ. ಚಪ್ಪಲಿ ಹೊರಗೆ ಬಿಟ್ಟು, ಬೆನ್ನಿಗೊಂದು ದಿಂಬು ಇಟ್ಟುಕೊಂಡು ಬರಿಗಾಲಲ್ಲಿ ಒತ್ತುತ್ತಿದ್ದಳು. ನಾನು ಕೆಳಗಿನಿಂದ “ಒತ್ತು” ಅಂದರೆ “ಒತ್ತೀನ್ರಿ”, “ಬಿಡು” ಅಂದರೆ “ಬಿಟ್ಟೀನ್ರಿ”. ಒಂದು ಸಲವೂ ಉತ್ತರ ತಪ್ಪಿಸಿದವಳಲ್ಲ.

ದಸರೆಯ ಖಂಡೇನವಮಿಯ ದಿನ ಗಾಡಿ ಪೂಜೆ ಅವಳದೇ ಕಾರುಬಾರು. ಎಲ್ಲರೂ ಸ್ಟೇರಿಂಗಿಗೆ ದಾರ ಕಟ್ಟಿದರೆ ಇವಳು ಬ್ರೇಕ್ ಪೆಡಲಿಗೆ ಕಟ್ಟುತ್ತಿದ್ದಳು. ಅರಿಷಿಣ ಹಚ್ಚಿದ ದಾರ, ಐದಾರು ಸುತ್ತು, ಮೇಲೆ ಮೂರು ಗಂಟು. ನಾನು ನಕ್ಕರೆ, “ಹೊರಗ ಒಯ್ಯೂದು ಸ್ಟೇರಿಂಗ್ ಇರಬಹುದು, ಮನಿಗೆ ತರೂದು ಬ್ರೇಕ್ ಅಲ್ಲೇನ್ರಿ?” ಎನ್ನುತ್ತಿದ್ದಳು. ಉಳಿದ ದಾರವನ್ನು ನನ್ನ ಬಲಗೈಗೆ ಕಟ್ಟುತ್ತಿದ್ದಳು. ವರ್ಷ ಕಳೆದರೆ ಹಳೆಯದನ್ನು ಕತ್ತರಿಸಿ ಹೊಸದು. ಕಳೆದ ವರ್ಷದ ಹಬ್ಬದಲ್ಲೂ ಕಟ್ಟಿದಳು. ಚಳಿಗಾಲ ಮುಗಿಯುವುದರೊಳಗೆ ಹೋಗಿಬಿಟ್ಟಳು. ವರ್ಷ ತುಂಬುವ ತನಕ ನಮ್ಮಲ್ಲಿ ಹಬ್ಬವಿಲ್ಲ. ಹೀಗಾಗಿ ಈ ಸಲ ಪೂಜೆಯೂ ಇಲ್ಲ, ಹೊಸ ದಾರವೂ ಇಲ್ಲ. ನನ್ನ ಕೈಯ ದಾರ ಆಸ್ಪತ್ರೆಯ ಓಡಾಟದಲ್ಲೇ ಎಲ್ಲೋ ಬಿದ್ದುಹೋಗಿತ್ತು. ಪೆಡಲಿನ ಮೇಲಿನದೊಂದೇ ಉಳಿದದ್ದು.

ಕಾತ್ರಜದಿಂದ ಬಂದವನು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ಜಾಕ್ ಕೊಟ್ಟು ಡ್ರಮ್‌ಗಳನ್ನು ಬಿಚ್ಚಿದೆ. ಒಳಗಿನಿಂದ ಗಾಲಿಯನ್ನು ಒತ್ತಿಹಿಡಿಯುವ ಬ್ರೇಕ್ ಶೂಗಳಿಗೆ ಎಣ್ಣೆ ಸೋರಿರಬಹುದು ಅಂದುಕೊಂಡೆ. ಸೋರಿರಲಿಲ್ಲ. ಸ್ಪ್ರಿಂಗ್ ಸೋತಿರಬಹುದು ಅಂದುಕೊಂಡೆ. ಅವೂ ಗಟ್ಟಿಯಾಗಿದ್ದವು. ಧೂಳು ಒರೆಸಿ, ತುಕ್ಕು ಉಜ್ಜಿ, ಶೂಗಳನ್ನು ಸ್ವಲ್ಪ ಸಡಿಲಿಸಿ ಮತ್ತೆ ಜೋಡಿಸುವುದರಲ್ಲಿ ನಾಲ್ಕು ದಿನ ಹೋದವು. ಹೊರಗೆ ಒಯ್ದರೆ ಮತ್ತೆ ಅದೇ ರಾಗ. ನಮ್ಮ ಗೇಟಿನ ವಾಚ್‌ಮನ್ ಯಾದಗಿರಿ ಕಡೆಯವನು, ಐವತ್ತು ದಾಟಿದವನು. ನಾನು ಒಬ್ಬನೇ ಎದ್ದು ಪೆಡಲ್ ಒತ್ತುವುದು, ಮತ್ತೆ ಗಾಲಿಯ ಹತ್ತಿರ ಮಲಗುವುದು ನೋಡಲಾರದೆ ಹತ್ತಿರ ಬಂದ.

“ಸಾಹೇಬ್ರ, ನಾ ಮ್ಯಾಲ ಕುಂತು ಒತ್ತಲೇನ್ರಿ?”

“ಏನೂ ಬ್ಯಾಡ. ನೀ ನಿನ್ನ ಗೇಟ್ ನೋಡಕೋ ಹೋಗು” ಅಂದೆ.

ಅವನ ತಪ್ಪೇನೂ ಇರಲಿಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ ಇನ್ನೊಬ್ಬರು ಕೂತು ಪೆಡಲ್ ಒತ್ತುವುದು ನನಗೆ ಬೇಡವಾಗಿತ್ತು. ಅವನು ಗೇಟಿಗೆ ವಾಪಸ್ ಹೋದ. ಆ ದಿನ ನಾನು ಮಾತಾಡಿದ್ದು ಅವನೊಬ್ಬನ ಜೊತೆಗೆ, ಅದೂ ಹೀಗೆ.

ಮರುದಿನ ಮತ್ತೊಂದು ಸುತ್ತು ಹೊಡೆದು ಬಂದೆ. ಗಾಲಿಗಳು ಹಿಡಿದಿದ್ದಾಗಲೇ ಒಂದು ಗಾಲಿಯ ಹಿಂದಿನ ಸ್ಕ್ರೂ ಸಡಿಲಿಸಿದೆ. ಬ್ರೇಕ್ ಎಣ್ಣೆ ಪಿಚಕಾರಿ ಹೊಡೆದು ನನ್ನ ಅಂಗಿಯ ಮೇಲೆ ಬಿತ್ತು. ಗಾಲಿ ಆ ಕ್ಷಣವೇ ಬಿಟ್ಟುಕೊಂಡಿತು. ನಾಲ್ಕು ದಿನ ಡ್ರಮ್ಮುಗಳನ್ನು ಬೈದದ್ದು ಸುಮ್ಮನೆ. ಕಾಲು ತೆಗೆದ ಮೇಲೂ ಎಣ್ಣೆ ವಾಪಸ್ ಹೋಗುತ್ತಿರಲಿಲ್ಲ. ಪೆಡಲ್ ಪೂರ್ತಿ ಮೇಲೆ ಬಂದರೆ ಮಾತ್ರ ಎಣ್ಣೆ ಮರಳುವ ದಾರಿ ತೆರೆಯುತ್ತದೆ. ಕೂದಲೆಳೆಯಷ್ಟು ಕಡಿಮೆ ಬಂದರೂ ದಾರಿ ಮುಚ್ಚಿಯೇ ಇರುತ್ತದೆ. ಮೇಲಿಂದ ಮೇಲೆ ತುಳಿದಂತೆ ಎಣ್ಣೆ ಕಾದು ಉಬ್ಬುತ್ತದೆ, ಬ್ರೇಕು ತಾನಾಗಿ ಬಿಗಿಯುತ್ತದೆ.

ಬ್ಯಾಟರಿ ದೀಪ ಹಿಡಿದು ಪೆಡಲಿನ ಕೆಳಗೆ ತಲೆ ತೂರಿಸಿದೆ. ಪೆಡಲಿನ ಸರಳು ಮೇಲೆ ಹೋಗಿ ತಾಗಿ ನಿಲ್ಲುವ ಕಡೆ, ನಡುವೆ, ಅವಳ ದಾರ ಸಿಕ್ಕಿಕೊಂಡಿತ್ತು.

ಅವಳು ಕಟ್ಟಿದ್ದು ಅಲ್ಲಿ ಅಲ್ಲ. ಕೆಳಗೆ, ಕಾಲಿಡುವ ಹಲಗೆಯ ಹತ್ತಿರ. ಹೋದ ತಿಂಗಳು ಗಾಡಿ ತೊಳೆಯುವಾಗ, ಅವಳು ಕಟ್ಟಿದ ದಾರಕ್ಕೆ ನನ್ನ ಬೂಟು ತಾಗುವುದು ನೋಡಿ ಮನಸ್ಸು ಚುರುಕ್ ಅಂದಿತ್ತು. ಕಾಲು ಸೋಕಬಾರದೆಂದು ನಾನೇ ಅದನ್ನು ಮೇಲಕ್ಕೆ ಸರಿಸಿದ್ದೆ, ಇನ್ನೂ ಸರಿಯಲಾರದಷ್ಟು ಮೇಲಕ್ಕೆ. ಮೂವತ್ತು ವರ್ಷದಿಂದ ಈ ಗಾಡಿಯ ಮೆಕ್ಯಾನಿಕ್ ನಾನು!

ಈಗ ಕೆಳಗೆ ಎಳೆದರೆ ಅದು ಬರಲಿಲ್ಲ. ಒತ್ತಿ ಒತ್ತಿ ಚಪ್ಪಟೆಯಾಗಿ, ಜಿಡ್ಡು ಕುಡಿದು, ಕಬ್ಬಿಣಕ್ಕೆ ಕಚ್ಚಿಕೊಂಡಿತ್ತು. ಗಂಟು ಬಿಚ್ಚಲು ಉಗುರು ಹಾಕಿದೆ. ಮೂರೂ ಗಟ್ಟಿ ಗಂಟು. ಅವಳ ಕೈ ಕೊನೆಯದಾಗಿ ಹಾಕಿದ ಗಂಟು ಈ ಭೂಮಿಯ ಮೇಲೆ ಅದೊಂದೇ. ಬ್ಲೇಡು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ, ಕುತ್ತಿಗೆ ಜೋಮು ಹಿಡಿಯಿತು. ಕಾರು ಮಾರಿಬಿಡಲೇ ಎಂದೂ ಯೋಚಿಸಿದೆ. ಮಾರಿದರೂ ದಾರ ಕತ್ತರಿಸಲೇಬೇಕಲ್ಲ. ಕೊನೆಗೆ ಗಂಟುಗಳ ಪಕ್ಕದ ಒಂದೇ ಎಳೆಗೆ ಬ್ಲೇಡು ಎಳೆದು, ದಾರ ಬಿಡಿಸಿ ಜೇಬಿಗಿಟ್ಟೆ. ಪೆಡಲ್ ಟಕ್ ಎಂದು ಮೇಲೆ ಬಂತು. ಆ ಸದ್ದು ಕೇಳಿ ಖುಷಿಯಾಗಲಿಲ್ಲ.

ಸ್ಕ್ರೂ ಸಡಿಲಿಸಿದ್ದರಿಂದ ಪೈಪಿನೊಳಗೆ ಗಾಳಿ ಹೊಕ್ಕಿತ್ತು. ಅದನ್ನು ತೆಗೆಯಲು ಇನ್ನೊಬ್ಬರು ಬೇಕೇ ಬೇಕು. ಗೇಟಿಗೆ ಹೋದೆ.

“ನಿನ್ನೆ ಅಂದಿದ್ದು ಮನಸ್ಸಿಗೆ ಹಚ್ಚಿಕೋಬ್ಯಾಡಪಾ. ಸ್ವಲ್ಪ ಬಂದು ಒತ್ತತೀಯೇನು?”

“ಅದಕ್ಕೇನ್ರಿ, ನಡೀರಿ” ಅಂದ.

ಚಪ್ಪಲಿ ಹೊರಗೆ ಬಿಟ್ಟು ಕೂತ. ನಾನು ಕೆಳಗಿನಿಂದ “ಒತ್ತು” ಅಂದೆ, “ಬಿಡು” ಅಂದೆ. ಅವನು ಹೇಳಿದಂತೆ ಮಾಡಿದ, ಬಾಯಿ ಬಿಡಲಿಲ್ಲ. ಉತ್ತರಕ್ಕಾಗಿ ನಾನು ಪ್ರತಿ ಸಲವೂ ಒಂದಿಷ್ಟು ಕಾದೆ.

ಕೆಲಸ ಮುಗಿಯಿತು. ಸಂಜೆಯ ಟ್ರಾಫಿಕ್ಕಿನಲ್ಲಿ ಒಂದು ಸುತ್ತು ಹೋಗಿ ಬಂದೆ. ಬ್ರೇಕು ಬೇಕಾದಾಗ ಹಿಡಿಯಿತು, ಕಾಲು ತೆಗೆದರೆ ಬಿಟ್ಟಿತು. ಗಾಡಿ ನಿಲ್ಲಿಸಿ ಜೇಬಿನಿಂದ ದಾರ ತೆಗೆದೆ. ಅರಿಷಿಣ ಹೋಗಿ ಕಪ್ಪಾಗಿತ್ತು. ಸುತ್ತು ಬಿಡಿಸಿದರೆ ಮಣಿಕಟ್ಟಿಗೆ ಸಾಕಾಗುವಷ್ಟು ಉದ್ದವಿತ್ತು. ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಕಟ್ಟಿಕೊಳ್ಳಲು ನೋಡಿದೆ. ಜಾರಿತು. ಮತ್ತೆ ನೋಡಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ನಾನೇ ಕಟ್ಟಿಕೊಂಡವನಲ್ಲ.

ಗೇಟಿನ ಹತ್ತಿರ ಹೋಗಿ ವಾಚ್‌ಮನ್ ಮುಂದೆ ಕೈ ಚಾಚಿದೆ. ಅವನು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದ. ದಾರ ಸುತ್ತಿ ಒಂದು ಗಂಟು ಹಾಕಿದ.

“ಸಾಕೇನ್ರಿ?”

“ಇನ್ನೊಂದು ಹಾಕು.”

ಹಾಕಿದ. “ಗಟ್ಟಿ ಆತ್ರಿ.”

“ಇನ್ನೊಂದು” ಅಂದೆ.

ಮೂರನೆಯ ಗಂಟು ಬೀಳುವಾಗ ನನಗೆ ಅಳು ಬಂತು. ಅವನು ಕೈ ಬಿಡದೆ ಹಿಡಿದುಕೊಂಡೇ ನಿಂತಿದ್ದ.