ಬಿಸಿಲಲ್ಲಿ ಬಂದ ಹಳ್ಳ

ಅಕ್ಕನ ಮಗಳ ಕುಬಸಕ್ಕೆಂದು ನಾವು ಹೊಸಪೇಟೆಯಿಂದ ಹೊರಟಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಟೀವಿಯಲ್ಲಿ ಹೇಳುತ್ತಲೇ ಇದ್ದರು. ನಮ್ಮ ಬೀದಿಯಲ್ಲಿ ಮಾತ್ರ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಟೆಂಪೋ ತುಂಬ ಬಂಧುಗಳು, ಹಿಂದಿನ ಸೀಟಿನ ಮೇಲೆ ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಮೊಸರನ್ನದ ಬುಟ್ಟಿಗಳು. ಚೊಚ್ಚಲ ಬಸುರಿ ಮಗಳಿಗೆ ಉಡಿಸಲು ತಂದ ಹಸಿರು ಸೀರೆಯನ್ನು ಅಕ್ಕ ತೊಡೆಯ ಮೇಲಿಂದ ಇಳಿಸಿರಲಿಲ್ಲ.

ಮಗಳ ಗಂಡನ ಮನೆ ದರೋಜಿಯ ಆಚೆ. ನಡುವೆ ಒಂದು ಹಳ್ಳ. ಅದಕ್ಕೆ ಸೇತುವೆಯಿಲ್ಲ, ರಸ್ತೆಯೇ ಹಳ್ಳದೊಳಗೆ ಇಳಿದು ಆಚೆ ದಂಡೆಗೆ ಏರುತ್ತದೆ. ನಾವು ತಲುಪಿದಾಗ ಹಳ್ಳದಲ್ಲಿ ಹನಿ ನೀರಿರಲಿಲ್ಲ. ಒಬ್ಬ ಮುದುಕಿ ಮರಳಿನಲ್ಲಿ ಆಡು ಮೇಯಿಸುತ್ತಿದ್ದಳು.

ನಾನು ಡ್ರೈವರಿಗೆ ನಿಲ್ಲಿಸಲು ಹೇಳಿದೆ. ದೂರದಲ್ಲಿ, ಸಂಡೂರಿನ ಗುಡ್ಡಗಳ ಮೇಲೆ ಎದ್ದಿದ್ದ ಮೋಡವನ್ನು ದಾರಿಯುದ್ದಕ್ಕೂ ನೋಡುತ್ತ ಬಂದಿದ್ದೆ. ಹೂಕೋಸಿನಂತೆ ಉಬ್ಬಿದ್ದ ಅದರ ತಲೆ ಈಗ ಚಪ್ಪಟೆಯಾಗಿ ಹರಡಿತ್ತು, ಬುಡ ಕಪ್ಪಾಗಿತ್ತು. ನಿಂತ ಜಾಗದಿಂದ ಅದು ಕದಲಿರಲಿಲ್ಲ.

ಕೊಲ್ಲಿ ದೇಶದ ಕಡಲ ದಂಡೆಯ ಊರೊಂದರಲ್ಲಿ, ಹವಾಮಾನ ಕಚೇರಿಯಲ್ಲಿ ಬಹಳ ವರ್ಷ ದುಡಿದು ಬಂದವನು ನಾನು. ಅಲ್ಲಿ ವರ್ಷವಿಡೀ ಒಣ ಹವೆ. ಮಳೆ ಬಂದರೆ ಒಮ್ಮೆಲೇ. ಬೆಚ್ಚಗಿನ ಕಡಲಿನ ತೇವಗಾಳಿ ದಂಡೆಯ ಹಿಂದಿನ ಬೋಳು ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ. ಮೇಲೆ ತಂಪು ಹವೆಯಿದ್ದರೆ ನೋಡನೋಡುತ್ತ ಮೋಡ ಗೋಪುರವಾಗುತ್ತದೆ. ಸುಟ್ಟು ಗಟ್ಟಿಯಾದ ನೆಲ ನೀರು ಕುಡಿಯುವುದಿಲ್ಲ, ತಡೆದು ನಿಲ್ಲಿಸಲು ಗಿಡಗಳಿಲ್ಲ. ಸುರಿದದ್ದೆಲ್ಲ ಒಣ ಹಳ್ಳಗಳಿಗೆ ನುಗ್ಗುತ್ತದೆ. ಊರಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ಬಂದು ಕಾರುಗಳನ್ನು ಸಮುದ್ರಕ್ಕೆ ನೂಕಿದ್ದನ್ನು ಕಂಡಿದ್ದೇನೆ. ನಮ್ಮಲ್ಲಿ ಕಡಲಿಲ್ಲ, ನಿಜ. ಆದರೆ ಅಂದು ಬಂಗಾಳ ಕೊಲ್ಲಿಯ ತೇವ ಇಲ್ಲಿಯವರೆಗೆ ಬಂದಿತ್ತು; ಗುಡ್ಡವೂ ಗಟ್ಟಿ ನೆಲವೂ ಮೊದಲೇ ಇದ್ದವು.

"ಲೇ ತಮ್ಮಾ, ಬಿಸಲು ಹಿಂಗ ಸುಡಾಕತ್ತೈತಿ, ಹಳ್ಳ ಎಲ್ಲಿಂದ ಬರತೈತಿ?" ಅಕ್ಕ ರೇಗಿದಳು.

"ಮಳಿ ಇಲ್ಲಿಲ್ಲಕ್ಕ, ಗುಡ್ಡದಾಗೈತಿ. ಸ್ವಲ್ಪ ತಡಿ."

"ಹೊತ್ತು ಮೀರಿದ್ರ ಬೀಗರು ಏನಂದಾರು?"

ಹಳ್ಳದಲ್ಲಿದ್ದ ಮುದುಕಿಯನ್ನೂ ಕೂಗಿ ಕರೆದೆ. "ಮ್ಯಾಲೂ ಮೇವೈತಿ ಬಿಡ್ರಿ," ಎಂದು ಅವಳು ಆಡುಗಳನ್ನು ದಂಡೆಗೆ ಹೊಡೆದುಕೊಂಡು ಬಂದಳು. ನಮ್ಮ ಹಿಂದೆ, ಹೊಲದ ಕೆಲಸ ಮುಗಿಸಿದ ಹೆಂಗಸರಿದ್ದ ಟ್ರ್ಯಾಕ್ಟರೊಂದು ಬಂದು ನಿಂತಿತು. ಕಾಯುತ್ತ ಕಾಯುತ್ತ ಎಲ್ಲರೂ ಬೆವತರು. ಹಳ್ಳ ಹಾಗೇ ಒಣಗಿ ಬಿದ್ದಿತ್ತು.

"ಸರ್, ಜಲ್ದಿ ದಾಟಿಬಿಡ್ತೀನಿ, ಹೋಗೂಣೇನ್ರಿ?" ಎಂದ ಡ್ರೈವರ್.

ನನಗೂ ಅನುಮಾನ ಶುರುವಾಗಿತ್ತು. ಮಳೆ ಬೇರೆ ಇಳಿಜಾರಿಗೆ ಬಿದ್ದಿದ್ದರೆ ಈ ಹಳ್ಳಕ್ಕೆ ನೀರೇ ಬಾರದು. ಹೂಂ ಎನ್ನುವಷ್ಟರಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಆಮೇಲೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ಮುಂದೆ ಮುಳ್ಳುಕಂಟಿ, ನೊರೆ, ಒಣ ಕಟ್ಟಿಗೆಗಳನ್ನು ತಳ್ಳಿಕೊಂಡು ಬಂದು, ನಾವು ಇಳಿಯಬೇಕಿದ್ದ ರಸ್ತೆಯನ್ನು ನುಂಗಿತು. ನಮ್ಮ ಮೇಲೆ ಆಗಲೂ ಬಿಸಿಲೇ ಇತ್ತು.

ಅಕ್ಕ ನನ್ನ ಮುಂಗೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ಎಲ್ಲರ ಕಡೆ ತಿರುಗಿ, "ಬುಟ್ಟಿ ಇಳಸ್ರಿ. ಹಸದು ಕುಂತು ಹಳ್ಳ ನೋಡೂದೇನು?" ಎಂದಳು.

ಬೇವಿನ ಮರದಡಿ ಊಟಕ್ಕೆ ಕೂತೆವು. ಟ್ರ್ಯಾಕ್ಟರಿನ ಹೆಂಗಸರೂ ಮುದುಕಿಯೂ ಮೊದಲು ಸಂಕೋಚಪಟ್ಟರು. "ಕುಬಸದ ಊಟ, ಒಲ್ಲೆ ಅನಬ್ಯಾಡ್ರಿ, ಕುಂದ್ರಿ," ಎಂದು ಅಕ್ಕ ಎಲ್ಲರಿಗೂ ಬಡಿಸಿದಳು. ಅಷ್ಟರಲ್ಲಿ ಆಚೆ ದಂಡೆಗೆ ಒಂದು ಆಟೋ ಬಂತು. ಅದರಿಂದ ಮಗಳೂ ಅಳಿಯನೂ ಇಳಿದರು. ನೀರಿನ ಅಬ್ಬರದಲ್ಲಿ ಕೂಗಿದ್ದು ಕೇಳಿಸಲಿಲ್ಲ. ಎದುರಿಗೇ ಕಾಣುತ್ತಿದ್ದವಳು ಫೋನ್ ಮಾಡಿದಳು.

"ಅವ್ವಾ, ಹೋಳಿಗಿ ಎಲ್ಲಾ ತಿನ್ನಬ್ಯಾಡ್ರಿ!"

"ನಿನ್ನ ಬುಟ್ಟಿ ಯಾರಿಗೂ ಮುಟ್ಟಾಕ ಬಿಟ್ಟಿಲ್ಲವ್ವ. ಸೀರಿ ನೋಡ್ತೀಯೇನು?"

ಅಕ್ಕ ಸೀರೆ ಬಿಚ್ಚಿ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಕೂಲಿಯ ಹೆಂಗಸೊಬ್ಬಳು ಹಿಡಿದು ದೂರ ನಡೆದಳು. ಗಾಳಿಗೆ ಹಸಿರು ಸೀರೆ ಉಬ್ಬಿ ನಿಂತಿತು. ಆಚೆ ಮಗಳು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು. ಇತ್ತ ಯಾರೋ ಸೋಬಾನೆ ಎತ್ತಿಕೊಂಡರು. ಪರಿಚಯವೇ ಇಲ್ಲದವರೆಲ್ಲ ದನಿಗೂಡಿಸಿದರು.

ಇಂಥ ಹಳ್ಳಗಳು ಬಂದಷ್ಟೇ ಬೇಗ ಇಳಿಯುತ್ತವೆ. ಸಂಜೆಯ ಹೊತ್ತಿಗೆ ರಸ್ತೆ ಮತ್ತೆ ಕಂಡಿತು. ಕೊಚ್ಚಿಹೋಗಿಲ್ಲವೆಂದು ಅಳಿಯ ಕೋಲೂರಿ ನೋಡಿದ ಮೇಲೆ ನಾವು ದಾಟಿದೆವು. ಹೊತ್ತು ಮೀರಿತೆಂದು ಬೀಗರು ಒಂದು ಮಾತೂ ಆಡಲಿಲ್ಲ. ಮಗಳು ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು ಮಣೆಯ ಮೇಲೆ ಕೂತಳು. ಆರತಿ ಮುಗಿದಾಗ ಅಕ್ಕ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು.

"ಒದೀತು ನೋಡ್ರಿ!"