ದೊರೆ ಗುಡ್ಡೆಯಲ್ಲಿ ಹುಡುಕಿದ್ದು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸಕ್ಕೆ ಕಾಯುತ್ತ ಪುತ್ತೂರಿನ ಮನೆಯಲ್ಲಿದ್ದೆ. ಕಡಬದ ಹತ್ತಿರದ ಒಂದು ಪುಟ್ಟ ಕ್ರೈಸ್ತ ಸಭೆಗೆ ವಿದೇಶದ ಚರ್ಚೊಂದು ಗಂಡ ಹೆಂಡತಿಯನ್ನು ಆರು ತಿಂಗಳ ಸೇವೆಗೆ ಕಳಿಸುತ್ತಿದೆ, ಅವರ ಜೊತೆಗಿದ್ದು ಮಾತು ದಾಟಿಸಲು ತುಳು, ಕನ್ನಡ, ಇಂಗ್ಲಿಷ್ ಬರುವ ಒಬ್ಬ ಹುಡುಗಿ ಬೇಕು ಎಂದು ನಮ್ಮ ಸಭಾಪಾಲಕರು ಬಂದು ಕೇಳಿದರು. ಅಪ್ಪ ಒಪ್ಪಿದರು. ಹೊರಡುವ ದಿನ ಸಭಾಪಾಲಕರು ನನ್ನನ್ನು ಬದಿಗೆ ಕರೆದು ಹೇಳಿದರು:

"ಅವರಿಗೆ ತೊಂದರೆ ಆಗದ ಹಾಗೆ ನೋಡಿಕೋ. ಮತ್ತೆ, ಎಲ್ಲಿಗೆ ಹೋಗ್ತಾರೆ, ಎಂತ ಮಾಡ್ತಾರೆ ಅಂತಲೂ ಸ್ವಲ್ಪ ಗಮನ ಇರಲಿ."

ನನಗೆ ಅಲ್ಲಿಯೇ ಒಂದು ಅನುಮಾನ ಹುಟ್ಟಿತು. ನಮ್ಮವರೇ ಕರೆಸಿದ ಅತಿಥಿಗಳ ಮೇಲೆ ನಾನು ಯಾಕೆ ಕಣ್ಣಿಡಬೇಕು?

ಕಡಬದಿಂದ ಜೀಪಿನಲ್ಲಿ ಹೋಗುವಾಗ ಆ ಇಬ್ಬರು ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ನಡುವೆ ಇರುಕಿಕೊಂಡು ಕೂತಿದ್ದರು. ಡ್ರೈವರ್ ತುಳುವಿನಲ್ಲಿ ನನ್ನನ್ನು ಕೇಳಿದ, "ಇವರು ನಿಜವಾಗಿ ಎಂತಕ್ಕೆ ಬಂದದ್ದು ಮಾರಾಯ್ರೆ?" ಪ್ರಾರ್ಥನೆಗೆ ಎಂದೆ. "ಅವರ ಊರಲ್ಲಿ ಪ್ರಾರ್ಥನೆ ಇಲ್ವಾ?" ಎಂದು ಅವನು ಗೇರ್ ಬದಲಿಸಿದ.

ಊರವರು ಅವರನ್ನು ದೊರೆ, ದೊರೆಸಾನಿ ಎಂದು ಕರೆದರು. ದೊರೆಗೆ ಐವತ್ತು ದಾಟಿರಬಹುದು, ಉದ್ದ ಕಾಲಿನ ಮೌನಿ. ದೊರೆಸಾನಿ ಎಲ್ಲವನ್ನೂ ಕುದಿಸುವವರು: ಕುಡಿಯುವ ನೀರು, ಬಟ್ಟೆ, ಚಮಚ. ಪ್ರಾರ್ಥನಾಮಂದಿರದ ಹಿಂದಿನ ಎರಡು ಕೋಣೆಯ ಮನೆ ನಮಗೆ ಸಿಕ್ಕಿತು. ಮೊದಲ ವಾರ ಅವರು ಕುಚ್ಚಲಕ್ಕಿ ಗಂಜಿಯನ್ನು ಔಷಧದಂತೆ ನುಂಗಿದರು. ಬಚ್ಚಲಿನಲ್ಲಿ ಹಾವು ಇದೆಯೇ ಎಂದು ದೊರೆಸಾನಿ ದಿನವೂ ನನ್ನನ್ನು ಮೊದಲು ಒಳಗೆ ಕಳಿಸುತ್ತಿದ್ದರು. ಭಾನುವಾರದ ಆರಾಧನೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕೇರಳದಿಂದ ಬಂದು ರಬ್ಬರ್ ಹಾಕಿದವರು. ದೊರೆಯ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದರೆ, ಹಿಂದಿನ ಬೆಂಚಿನಲ್ಲಿ ಅದು ಮಲಯಾಳಕ್ಕೆ ಹೋಗುತ್ತಿತ್ತು. ಕೊನೆಗೆ ಅಲ್ಲಿ ಏನು ತಲುಪುತ್ತಿತ್ತೋ ನನಗೆ ಗೊತ್ತಿಲ್ಲ.

ಒಂದು ತಿಂಗಳಲ್ಲಿ ಗಂಜಿಯ ಜೊತೆ ಉಪ್ಪಿನಕಾಯಿ ಕೇಳುವಷ್ಟು ಅವರು ಹೊಂದಿಕೊಂಡರು. ಆಗಲೇ ದೊರೆ ಬೆಳಿಗ್ಗೆ ಒಬ್ಬರೇ ಹೊರಗೆ ಹೋಗತೊಡಗಿದ್ದು. ಕೈಯಲ್ಲಿ ಒಂದು ಕಬ್ಬಿಣದ ಸರಳು. ನೀರು ಹರಿಯುವ ತೋಡು ದಾಟಿ ಎದುರಿನ ಗುಡ್ಡೆ ಹತ್ತಿ, ಅಲ್ಲಲ್ಲಿ ನಿಂತು, ಸರಳನ್ನು ಮಣ್ಣಿಗೆ ಚುಚ್ಚಿ, ಬಗ್ಗಿ ನೋಡುತ್ತಿದ್ದರು. ನಾನೂ ಬರಲೇ ಎಂದು ಕೇಳಿದರೆ, "ಬೇಡ, ಸುಮ್ಮನೆ ನಡಿಗೆ" ಎನ್ನುತ್ತಿದ್ದರು. ನಡಿಗೆಗೆ ಸರಳು ಯಾಕೆ?

ಆ ಗುಡ್ಡೆ ಪಕ್ಕದ ತೋಟದ ಅಮ್ಮನದು. ಅವರು ಗಂಡನನ್ನು ಕಳೆದುಕೊಂಡು ಒಬ್ಬರೇ ಜಮೀನು ನೋಡಿಕೊಳ್ಳುತ್ತಿದ್ದವರು. ಭೂಮಿಯ ಹೊಸ ಕಾನೂನು ಬಂದು ಅವರ ಹೆಚ್ಚಿನ ಗದ್ದೆ ಗೇಣಿಯವರ ಹೆಸರಿಗೆ ಆಗಿತ್ತು. ಆಮೇಲೆ ತಮ್ಮ ಜಾಗದಲ್ಲಿ ಯಾರು ಕಾಲಿಟ್ಟರೂ ಅವರಿಗೆ ಅನುಮಾನವೇ. ಒಂದು ದಿನ ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿದರು.

"ನಿನ್ನ ದೊರೆ ನನ್ನ ಗುಡ್ಡೆ ಅಳೀತಾ ಇದ್ದಾನಾ?"

"ಇಲ್ಲ ಅಮ್ಮ, ನಡೀಲಿಕ್ಕೆ ಹೋಗುದು."

"ನಾನು ಹಾಗೆ ಹೇಳಿದರೆ ನೀನು ನಂಬ್ತೀಯಾ?"

ಊರಿನಲ್ಲಿ ಅಷ್ಟರಲ್ಲಿ ಬೇರೆ ಬೇರೆ ಮಾತುಗಳಾಗಿದ್ದವು. ಒಬ್ಬರು ಚಿನ್ನ ಎಂದರು, ಇನ್ನೊಬ್ಬರು ದೊಡ್ಡ ಇಗರ್ಜಿ ಕಟ್ಟಲು ಜಾಗ ನೋಡುತ್ತಿದ್ದಾರೆ ಎಂದರು. ನಾನು ಮನೆಗೆ ಬಂದಾಗ ದೊರೆಸಾನಿ ಬಾಗಿಲಲ್ಲೇ ಇದ್ದರು. "ಆ ಹೆಂಗಸಿನ ಜೊತೆ ಅಷ್ಟು ಹೊತ್ತು ಏನು ಮಾತಾಡಿದೆ? ನಮ್ಮ ಬಗ್ಗೆಯೇ?" ಎಂದು ಕೇಳಿದರು. ಅಡಿಕೆಯ ಬಗ್ಗೆ ಎಂದೆ. ಅವರು ನಂಬಲಿಲ್ಲ. ಅಂದಿನಿಂದ ನಾನು ಕೋಣೆಯೊಳಗೆ ಬಂದರೆ ಗಂಡ ಹೆಂಡತಿ ಮಾತು ನಿಲ್ಲಿಸುತ್ತಿದ್ದರು. ಮೂವರೂ ಒಂದೇ ಮೇಜಿನಲ್ಲಿ ಉಣ್ಣುತ್ತ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಿದ್ದೆವು.

ಇದು ಹೀಗೇ ಮುಂದುವರಿಯುತ್ತಿತ್ತೋ ಏನೋ. ಒಂದು ಮಧ್ಯಾಹ್ನ ಅಮ್ಮ ತಾವಾಗಿಯೇ ನಮ್ಮ ಅಂಗಳಕ್ಕೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಜಗಲಿಯ ಕೆಳಗೆ ನಿಂತು, "ಎಂತ ಹುಡುಕುದು ಅಂತ ಕೇಳು. ಅವನು ಹೇಳಿದ್ದನ್ನು ಹಾಗೆಯೇ ನನಗೆ ಹೇಳು. ನೀನು ಸೇರಿಸಬೇಡ, ಬಿಡಬೇಡ" ಎಂದರು.

ನಾನು ಕೇಳಿದೆ. ದೊರೆ ಹೆಂಡತಿಯ ಮುಖ ನೋಡಿದರು. ಆಮೇಲೆ ಮೆಟ್ಟಿಲಿಳಿದು ಬಂದು ಅಮ್ಮನ ಎದುರು ನಿಂತು ಹೇಳಿದರು. ದೊರೆಯ ಅಜ್ಜಿಯ ತಂದೆ ತಾಯಿ ಹಿಂದೆ ಇದೇ ಸೀಮೆಗೆ ಮಿಷನರಿಗಳಾಗಿ ಬಂದವರಂತೆ. ಎತ್ತಿನ ಗಾಡಿಯಲ್ಲಿ ಘಟ್ಟದ ಕಡೆ ಹೋಗುವಾಗ ಅವರ ವರ್ಷ ತುಂಬದ ಗಂಡುಕೂಸು ಜ್ವರದಲ್ಲಿ ತೀರಿಕೊಂಡಿತು. ಕಡಬದ ಈಚೆಗೆ, ತೋಡಿನ ಮೇಲಿನ ಒಂದು ಗುಡ್ಡೆಯಲ್ಲಿ ಮಣ್ಣು ಮಾಡಿ ಒಂದು ಕಲ್ಲಿಟ್ಟು ಮುಂದೆ ಹೋದರು. ಆಗ ಗಾಡಿಯಲ್ಲಿ ಕೂತಿದ್ದ ಹುಡುಗಿಯೇ ಅಜ್ಜಿ. ಸಾಯುವ ತನಕ ಅವಳು ತಮ್ಮನನ್ನು ಬಿಟ್ಟು ಬಂದ ಮಾತು ಹೇಳುತ್ತಿದ್ದಳಂತೆ.

"ನನ್ನನ್ನು ಕಳಿಸಿದ್ದು ಸೇವೆಗೆ, ಸ್ವಂತ ಕೆಲಸಕ್ಕಲ್ಲ. ಅದಕ್ಕೆ ಯಾರಲ್ಲೂ ಹೇಳಲಿಲ್ಲ. ಗೋರಿ ಎಂದರೆ ಜಾಗ ಕೇಳಲು ಬಂದೆ ಎಂದುಕೊಳ್ಳುತ್ತಾರೆ ಎಂಬ ಹೆದರಿಕೆಯೂ ಇತ್ತು" ಎಂದರು.

ನಾನು ಸೇರಿಸದೆ, ಬಿಡದೆ ಹೇಳಿದೆ. ಅಮ್ಮ ದೊರೆಯ ಮುಖವನ್ನೇ ನೋಡುತ್ತ ಕೇಳಿದರು.

"ಹಾಗಾದರೆ ಜಾಗ ಬೇಡವಾ?"

"ಬೇಡವಂತೆ."

"ಬರೆದು ಕೊಡ್ತಾನಾ?"

ದೊರೆಸಾನಿಯ ಮುಖ ಕೆಂಪಾಯಿತು. ದೊರೆ ಕೊಡುತ್ತೇನೆ ಎಂದರು.

"ಬೇಡ. ಬರೆದದ್ದು ನೋಡಿ ನೋಡಿ ನನಗೆ ಸಾಕಾಗಿದೆ. ನಾಳೆ ಬೆಳಿಗ್ಗೆ ಬನ್ನಿ. ನೀವು ಮೂವರೇ. ಸಭೆಯವರು ಯಾರೂ ಬೇಡ."

ಮರುದಿನ ಅವರು ನಮ್ಮನ್ನು ದೊರೆ ಇನ್ನೂ ಹೋಗದ ಮಗ್ಗುಲಿನಿಂದ ಹತ್ತಿಸಿದರು. ಒಂದು ಹಲಸಿನ ಮರದ ಬುಡದಲ್ಲಿ ಮೊಣಕಾಲೆತ್ತರದ ಕಗ್ಗಲ್ಲು ನಿಂತಿತ್ತು. ಅದರ ಮೇಲೆ ಅಕ್ಷರ ಇರಲಿಲ್ಲ, ಗುರುತು ಇರಲಿಲ್ಲ. ಸುತ್ತ ಹುಲ್ಲು ಮಾತ್ರ ಹೆರೆದು ಚೊಕ್ಕವಾಗಿತ್ತು.

"ಪರದೇಶದವರ ಮಗು ಉಂಟು ಅಂತ ನನ್ನ ಅತ್ತೆ ಹೇಳ್ತಾ ಇದ್ದರು. ಹುಲ್ಲು ತೆಗೀಬೇಕು, ಕಲ್ಲು ಅಲ್ಲಾಡಿಸಬಾರದು ಅಂತ. ಇವರು ಶಿಲುಬೆ ನೆಡಬಾರದು, ಹಾಡು ಹೇಳಬಾರದು. ಕೂತುಕೊಳ್ಳುದಾದರೆ ಕೂತುಕೊಳ್ಳಲಿ."

ದೊರೆ ಟೋಪಿ ತೆಗೆದು ನೆಲದ ಮೇಲೆಯೇ ಕೂತರು. ಅವರ ಭುಜಗಳು ಅಲುಗುವುದನ್ನು ಕಂಡು ನಾನು ತೋಡಿನ ಕಡೆ ತಿರುಗಿ ನಿಂತೆ.

ಇಳಿಯುವಾಗ ದೊರೆಸಾನಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು, "ನಿನಗೆ ನಿಜ ಅನ್ನಿಸುತ್ತದೆಯೇ? ಅವನು ಕಥೆ ಹೇಳುವ ತನಕ ಅವಳು ಈ ಕಲ್ಲಿನ ಮಾತೇ ಎತ್ತಲಿಲ್ಲ."

ಅಲ್ಲಿಯವರೆಗೆ ನನಗೆ ಹೊಳೆಯದಿದ್ದ ಮಾತು ಅದು. ದೊರೆ ಆ ದಿನದಿಂದ ಗುಡ್ಡೆಗೆ ಸರಳು ಒಯ್ಯಲಿಲ್ಲ. ವಾರಕ್ಕೊಮ್ಮೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಸಭೆಯಲ್ಲಿ ಅವರ ಧ್ವನಿ ಬದಲಾಯಿತು, ರಬ್ಬರ್ ಹಾಕಿದವರ ಮಕ್ಕಳೊಟ್ಟಿಗೆ ನಗುವುದನ್ನು ಮೊದಲ ಬಾರಿ ನೋಡಿದೆ. ಅಮ್ಮನಿಗೂ ಬೇಕಾದ್ದು ಸಿಕ್ಕಿತ್ತು, ಅವರ ಗುಡ್ಡೆಯನ್ನು ಇನ್ನು ಯಾರೂ ಚುಚ್ಚುತ್ತಿರಲಿಲ್ಲ. ಇಬ್ಬರಿಗೂ ಇಷ್ಟು ಅನುಕೂಲವಾದ ಸತ್ಯ ನನ್ನನ್ನು ಕಾಡತೊಡಗಿತು. ಪುತ್ತೂರಿನಿಂದ ಸಭಾಪಾಲಕರು ಬಂದು ದೊರೆ ಏನು ಮಾಡುತ್ತಾರೆ ಎಂದು ವಿಚಾರಿಸಿದಾಗ, ನಡೆಯುತ್ತಾರೆ ಎಂದಷ್ಟೇ ಹೇಳಿದೆ. ಅವರು ನನ್ನನ್ನು ಅನುಮಾನದಿಂದ ನೋಡಿದ ರೀತಿ ನನಗೆ ಗೊತ್ತಿದ್ದದ್ದೇ.

ಮಳೆಗಾಲಕ್ಕೆ ಮುಂಚೆ ದೊರೆ, ದೊರೆಸಾನಿ ಹೊರಟುಹೋದರು. ಪೆಟ್ಟಿಗೆ ಕಟ್ಟಿದ ದಿನ ನಾನು ಅಮ್ಮನ ಹತ್ತಿರ ಹೋಗಿ, ಆ ಕಲ್ಲಿನ ಕೆಳಗೆ ನಿಜವಾಗಿ ಮಗು ಇದೆಯೇ ಎಂದು ನೇರವಾಗಿ ಕೇಳಿದೆ. "ಅತ್ತೆ ಹೇಳಿದ್ದನ್ನು ನಾನು ಹೇಳಿದೆ" ಎಂದರು. ನನ್ನ ಕಣ್ಣು ತಪ್ಪಿಸಲೂ ಇಲ್ಲ, ನಗಲೂ ಇಲ್ಲ.

ನನಗೆ ಆಮೇಲೆ ಸುಳ್ಯ ತಾಲೂಕಿನ ಆಲೆಟ್ಟಿಯ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದಲ್ಲಿ ಒಂದು ರಜೆಯ ದಿನ ಕಡಬಕ್ಕೆ ಹೋದವಳು ಆ ತೋಟದ ಅಮ್ಮನ ಮನೆಗೂ ಹೋದೆ. ಗುಡ್ಡೆಯಿಡೀ ಅವರ ಅಳಿಯ ರಬ್ಬರ್ ಹಾಕಿದ್ದ. ಸಾಲುಗಳ ನಡುವೆ ಹಲಸಿನ ಮರದ ಸುತ್ತ ಒಂದಿಷ್ಟು ಜಾಗ ಖಾಲಿ ಬಿಟ್ಟದ್ದು ಅಂಗಳದಿಂದಲೇ ಕಾಣುತ್ತಿತ್ತು.

"ಅಲ್ಲಿ ಗುಂಡಿ ತೆಗೀಬೇಡ ಅಂತ ಹೇಳಿದ್ದೇನೆ" ಎಂದರು ಅಮ್ಮ.

"ಮಗು ಇರುವುದು ನಿಜವಾ ಅಮ್ಮ?"

"ನೀನು ಇನ್ನೂ ಅದನ್ನೇ ಕೇಳ್ತಾ ಇದ್ದೀಯಾ" ಎಂದರು ಅವರು. ಕಾಫಿ ತಣಿಯುತ್ತದೆ, ಕುಡಿ ಎಂದರು. ಗುಡ್ಡೆ ಹತ್ತಿ ನೋಡಿ ಬರುವ ಮನಸ್ಸಾಯಿತು. ಬಸ್ಸಿಗೆ ಹೊತ್ತಾಗಿತ್ತು, ಹೋಗಲಿಲ್ಲ.