ಬೇರೆ ಕವರಿನಲ್ಲಿ ಬಂದವರು

ಸಿಡಿ ಕಾಕಾನ ಬಲಗೈ ತೋರುಬೆರಳಿನ ನಡುಗಂಟಿನ ಮೇಲೆ ಉಂಗುರ ತೆಗೆದಿಟ್ಟಂಥ ಬಿಳಿ ಗುರುತೊಂದಿತ್ತು. ಉಂಗುರ ಮಾತ್ರ ಅವರು ಜನ್ಮದಲ್ಲಿ ಹಾಕಿದವರಲ್ಲ. ಇಪ್ಪತ್ತು ವರ್ಷ ಸಿಡಿಯ ತೂತಿಗೆ ಆ ಬೆರಳು ತೂರಿಸಿ, ಬಾಗಿಲ ಬಿಸಿಲಿಗೆ ಹಿಡಿದು, ಗಿರ್ರನೆ ತಿರುಗಿಸಿ ಗೀರು ನೋಡಿ ನೋಡಿ ಆದ ಗುರುತು ಅದು. ನೋಡಿದ ಮೇಲೆ ತೀರ್ಪು ಬರುತ್ತಿತ್ತು. "ಉಪ್ಪಿಟ್ಟು ತಿಂದ ಕೈಲೆ ಹಿಡದೀರಿ." ಇಲ್ಲವೇ, "ನಿಮ್ಮನ್ಯಾಗ ಯಾರೋ ಫೈಟಿಂಗ್ ಅಷ್ಟ ತಿರುಗಾ ಮುರುಗಾ ನೋಡ್ಯಾರ." ಆ ಯಾರೋ ನಾನೇ ಆಗಿರುತ್ತಿದ್ದೆ.

ದಾಂಡೇಲಿಯ ನಮ್ಮ ಓಣಿಯ ತುದಿಗೆ ಅವರ ಅಂಗಡಿ. ಸಿನಿಮಾದ ಸಿಡಿ ಬಾಡಿಗೆಗೆ ಕೊಡುತ್ತಿದ್ದರು, ಹಾಗಾಗಿ ಊರಿಗೆಲ್ಲ ಸಿಡಿ ಕಾಕಾ. ಶನಿವಾರ ಸಂಜೆ ಮಿಲ್ಲಿನ ಪಾಳಿ ಬಿಟ್ಟವರು, ಕುಳಗಿಯ ಫಾರೆಸ್ಟ್ ಗಾರ್ಡುಗಳು, ಜೋಯಿಡಾದ ಬಸ್ಸಿಗೆ ಕಾಯುವವರು ಎಲ್ಲ ಅಲ್ಲಿ ಮುಕುರುತ್ತಿದ್ದರು. ಯಾವ ಸಿನಿಮಾ ಬೇಕು ಎಂದು ಕಾಕಾ ಕೇಳುತ್ತಿರಲಿಲ್ಲ. "ಇವತ್ತ ಮನ್ಯಾಗ ಏನ ಅಡಗಿ?" ಎಂದು ಕೇಳುತ್ತಿದ್ದರು. ಮಟನ್ ಎಂದರೆ ಹೊಡೆದಾಟದ್ದು. ಕಿಚಡಿ ಎಂದರೆ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಎಂದು ತಿಳಿದು ನಗೆಯದ್ದು. ಕೆಟ್ಟ ಸಿನಿಮಾ ಕೇಳಿದವನಿಗೆ ಅದು ಕೆಟ್ಟದ್ದೆಂದು ಮುಖಕ್ಕೇ ಹೇಳಿಬಿಡುತ್ತಿದ್ದರು. ವ್ಯಾಪಾರಕ್ಕಾಗಿಯಾದರೂ ಸುಳ್ಳು ಹೇಳಲು ಬಾರದ ಮನುಷ್ಯ.

ಆಗ ನಮ್ಮ ಕಡೆ ಬೀಗರು ಬಂದರೆ ಮೊದಲು ಚಹಾ, ಆಮೇಲೆ ಮನೆಯ ಮದುವೆಯದೋ ತೊಟ್ಟಿಲ ಶಾಸ್ತ್ರದ್ದೋ ಸಿಡಿ, ಅದಾದ ಮೇಲೆ ಬಾಡಿಗೆ ಸಿನಿಮಾ. ಆ ಮದುವೆಗೆ ಖುದ್ದು ಬಂದು ಉಂಡು ಹೋದ ಬೀಗರಿಗೂ ಅದೇ ಮದುವೆ ತೋರಿಸದಿದ್ದರೆ ಮರ್ಯಾದೆ ಮಾಡಿದಂತಾಗುತ್ತಿರಲಿಲ್ಲ. ಹೀಗಾಗಿ ಪ್ಲೇಯರಿನಲ್ಲಿ ಉಳಿದದ್ದು ಒಂದು, ಕವರಿಗೆ ಹೋದದ್ದು ಇನ್ನೊಂದು. ಸೋಮವಾರ ಬಂತೆಂದರೆ ಸಿನಿಮಾದ ಕವರಿನೊಳಗೆ ಯಾರದೋ ಮನೆಯ ಮದುವೆ ಅಕ್ಕಿಕಾಳಿನ ಸಿಡಿ ಕಾಕಾನ ಕೈಗೆ ಬಂದು ಬೀಳುತ್ತಿತ್ತು. ಅಂಥವನ್ನೆಲ್ಲ ಅವರು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಹುಡುಕಿಕೊಂಡು ಬಂದವರಿಗೆ ಕೊಟ್ಟುಬಿಡುತ್ತಿದ್ದರು. ಹಳಿಯಾಳದ ಕಡೆಯ ಸಿದ್ದಿ ಮನೆತನವೊಂದು ಎರಡು ವರ್ಷ ಬಿಟ್ಟು ಬಂದಾಗಲೂ, ಮದುವಣಿಗನ ಮುಖ ನೋಡಿದ್ದೇ, ಅವನು ಬಾಯಿ ತೆರೆಯುವ ಮೊದಲೇ ತೆಗೆದುಕೊಟ್ಟರು. ಆದರೆ ಕೆಲಸ ಬಿಟ್ಟು ಧಾರವಾಡ, ಬೆಳಗಾವಿಯ ತಮ್ಮ ಹಳ್ಳಿಗಳಿಗೆ ಹೋದವರು ಮರಳಿ ಬರಲಿಲ್ಲ. ಡಬ್ಬಿ ತುಂಬುತ್ತ ಹೋಯಿತು.

ನಮ್ಮದೂ ಒಂದು ಅದರಲ್ಲಿತ್ತು. ನನ್ನ ಅಕ್ಕನ ಮಗಳ ತೊಟ್ಟಿಲ ಸಿಡಿ. ನಮ್ಮಪ್ಪನ ದನಿ ಉಳಿದದ್ದು ಅದೊಂದರಲ್ಲೇ. ಮಿಲ್ಲಿನ ಯಂತ್ರದ ಸದ್ದಿನಲ್ಲಿ ಕಿವಿ ಮಂದವಾಗಿದ್ದ ಅಪ್ಪ, ಮನೆಯಲ್ಲೂ ಪ್ರತಿ ಮಾತಿನ ಕೊನೆಗೆ "ಕೇಳಿಸ್ತೇನ?" ಎಂದು ಕೂಗುತ್ತಿದ್ದ. ಆ ತೊಟ್ಟಿಲಾದ ವರ್ಷದೊಳಗೆ, ಒಂದು ಮುಂಜಾನೆ ಅವ್ವನ ಜೊತೆ ಜಗಳಾಡಿ, ಬುತ್ತಿ ಹಿಡಿದು ಮಾತಾಡದೆ ಹೋದವನು, ಪಾಳಿ ಮುಗಿಸಿ ಬರುವಾಗ ದಾರಿಯಲ್ಲೇ ಕುಸಿದು ತೀರಿಕೊಂಡ. ಜನ ತಂದುಕೊಟ್ಟ ಬುತ್ತಿ ಡಬ್ಬಿ ತೊಳೆದಿತ್ತು. ಉಂಡು ತೊಳೆದನೋ, ಸಿಟ್ಟಿನಲ್ಲಿ ಯಾರಿಗೋ ಕೊಟ್ಟು ತೊಳೆದನೋ? ಅವ್ವನನ್ನು ಕೊರೆದದ್ದು ಅದೊಂದೇ ಮಾತು.

ಮಣ್ಣಿಗೆ ಬಂದ ನೆಂಟರ ಗದ್ದಲದಲ್ಲಿ, ಮನೆಯಲ್ಲಿ ಬಿದ್ದಿದ್ದ ಬಾಡಿಗೆ ಸಿಡಿಗಳನ್ನು ಅಂಗಡಿಗೆ ಮುಟ್ಟಿಸಿದವನು ನಾನು. ಮುಂದೆ ಅವ್ವ ತೊಟ್ಟಿಲ ಸಿಡಿಗಾಗಿ ಟ್ರಂಕು, ಗಾದಿ, ಹಿಟ್ಟಿನ ಡಬ್ಬಿಯವರೆಗೂ ಹುಡುಕಿದಳು. ಅದು ಎಲ್ಲಿ ಹೋಗಿರಬಹುದೆಂದು ನನಗೆ ಅನುಮಾನವಿತ್ತು. ಹೇಳಿದರೆ ಕಳೆದವನು ನಾನೇ ಎಂದಾಗುತ್ತದೆ ಎಂಬ ಹೆದರಿಕೆಗೆ ಬಾಯಿ ಹೊಲಿದುಕೊಂಡೆ. ಅಂಗಡಿಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟೆ.

ಇಂಥ ನಾನು ಹೊಟ್ಟೆಪಾಡಿಗೆ ಸೇರಿದ್ದು ಇಂಟರ್ನೆಟ್ ಲೈನ್ ಎಳೆಯುವ ಕೆಲಸಕ್ಕೆ. ದಾಂಡೇಲಿಯಿಂದ ಹಳಿಯಾಳ, ಮುಂಡಗೋಡದವರೆಗೆ ಮನೆಮನೆಗೆ ಕೇಬಲ್ ಹಾಯಿಸಿ, ಬೇಕಾದ ಸಿನಿಮಾ ಬೇಕಾದಾಗ ಟಿವಿಗೇ ಬರುವ ಹಾಗೆ ಮಾಡಿಕೊಟ್ಟೆ. ನಮ್ಮ ಓಣಿಗೆ ಲೈನ್ ಬಂದ ದಿನ ಕೇಬಲ್ಲು ಕಾಕಾನ ಬೋರ್ಡಿನ ಮೇಲೆಯೇ ಹಾಯಬೇಕಾಯಿತು. ಏಣಿ ಹಿಡಿದವರೂ ಅವರೇ.

"ಹುಷಾರ ತಮ್ಮಾ," ಎಂದರು. "ನನ್ನ ಅಂಗಡಿ ಮ್ಯಾಲ ಬೀಳಬ್ಯಾಡ. ಅದು ಮೊದಲ ಬಿದ್ದೈತಿ."

ನಾನು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ವರ್ಷ ತುಂಬುವುದರೊಳಗೆ ಊರಿನ ಉಳಿದ ಸಿಡಿ ಅಂಗಡಿಗಳೆಲ್ಲ ಮೊಬೈಲ್ ಕವರಿನ ಅಂಗಡಿಗಳಾದವು. ಕಾಕಾ ಮಾತ್ರ ದಿನಾ ಹತ್ತಕ್ಕೆ ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚಿ ಕೂರುತ್ತಿದ್ದರು. ಗಿರಾಕಿ ಒಬ್ಬನೂ ಇಲ್ಲ. ಆದರೆ ನಾನು ಹಾದುಹೋಗುವಾಗಲೆಲ್ಲ ಒಳಗಿನಿಂದ ಮಂದಿಯ ಗದ್ದಲ ಕೇಳುತ್ತಿತ್ತು. ಬ್ಯಾಂಡಿನ ಸದ್ದು, ಹೆಂಗಸರ ನಗೆ, ಪಂಕ್ತಿಯಲ್ಲಿ ಬಕೀಟು ಇಟ್ಟ ಸಪ್ಪಳ. ಹೊರಗೆ ಮೆಟ್ಟಿಲ ಮೇಲೆ ಒಂದು ಜೋಡು ಚಪ್ಪಲಿಯೂ ಇರುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಹೆಜ್ಜೆ ಬೇಗ ಹಾಕುತ್ತಿದ್ದೆ.

ಒಂದು ದಿನ ಅಂಗಡಿಯ ಮೇಲಿನ ಅವರ ಮಹಡಿ ಮನೆಗೆ ಲೈನ್ ಕೊಡಬೇಕಾಗಿ, ಅಂಗಡಿಯ ಮೆಟ್ಟಿಲ ಹತ್ತಿರ ಕೇಬಲ್ ಬಿಚ್ಚುತ್ತ ನಿಂತಿದ್ದೆ. ಕಾಕಾ ಒಳಗೆ ನನಗೆ ಬೆನ್ನು ಮಾಡಿ ಟಿವಿಯ ಮುಂದೆ ಕೂತಿದ್ದರು. ತಿರುಗಿ ನೋಡದೆಯೇ ಅಂದರು: "ಬಿಸಲಾಗ ಯಾಕ ನಿಂತಿ? ಒಳಗ ಬಾ. ಕೇಳಿಸ್ತೇನ?"

ಅದು ನಮ್ಮಪ್ಪನ ದನಿ. ಅಪ್ಪನ ಹಾಗೆ ಅಲ್ಲ, ಅಪ್ಪನದೇ. ನನ್ನ ಕೈಯ ಇಕ್ಕಳ ಜಾರಿ ಬಿತ್ತು. ಸಪ್ಪಳಕ್ಕೆ ತಿರುಗಿದ ಕಾಕಾ ನನ್ನ ಮುಖ ನೋಡಿ ತಾವೇ ಬೆಚ್ಚಿದರು.

"ಯಾವ ದನಿ ಬಂತೋ ತಮ್ಮಾ? ಒಬ್ಬನ ಕುಂತ ನೋಡಿ ನೋಡಿ ಇವರೆಲ್ಲಾ ನನ್ನ ಬಾಯಾಗ ಕುಂತಾರ. ನಿನ್ನಿ ಉಣ್ಣಾಕ ಕುಂತು ಮಜ್ಜಗಿ ಕೇಳಿದ್ನಂತ. ಯಾವದೋ ಮುದಕಿ ದನಿ ಅಂತ. ನಮ್ಮಾಕಿ ತಾಟ ಬಿಟ್ಟ ಎದ್ದ ಹೋದ್ಲು."

ಡಬ್ಬಿಯ ಸಿಡಿಗಳನ್ನು ಅವರು ಒಂದಾದ ಮೇಲೊಂದು, ವರ್ಷಗಟ್ಟಲೆ, ದಿನಾ ಹಾಕಿ ನೋಡುತ್ತಿದ್ದರು. ನಾನು ಕೇಳುವ ಮೊದಲೇ ನಮ್ಮ ತೊಟ್ಟಿಲ ಸಿಡಿ ತೆಗೆದು ಬಿಸಿಲಿಗೆ ಹಿಡಿದರು. ಬೆಳ್ಳಿಬಣ್ಣ ಉದುರಿ ಅದರ ಮೈಯೆಲ್ಲ ತೂತು, ಬೆಳಕು ಈಚೆಗೆ ಬರುತ್ತಿತ್ತು. ಪ್ಲೇಯರಿಗೆ ಹಾಕಿದರೆ ಬರೀ ನೀಲಿ ಪರದೆ. "ಹ್ವಾದ ಮಳಿಗಾಲಕ್ಕ ಬೂಸ್ಟ ಹಿಡೀತು," ಎಂದರು.

"ನಮ್ಮದು ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು. ನಿನ್ನ ಗಲ್ಲ ಅವಂದ ಐತಿ."

"ಮತ್ತ ಯಾಕ ಕೊಡಲಿಲ್ರಿ?" ನಾನು ಚೀರಿದೆ.

"ಹುಡುಕ್ಕೊಂಡ ಬಂದೋರಿಗೆಲ್ಲಾ ಕೊಟ್ಟೀನಿ. ನೀ ದಿನಾ ಮುಂದ ಹಾದ ಹ್ವಾದಿ, ಕೇಳಲಿಲ್ಲ." ಡಬ್ಬಿಯ ಮುಚ್ಚಳ ಒತ್ತಿದರು. "ಕಡೀಕ ನನಗೂ ಕೊಡೂ ಮನಸಾಗಲಿಲ್ಲ. ಎಲ್ಲಾರ್ನೂ ಕಳಿಸಿದ್ರ ಅಂಗಡ್ಯಾಗ ನಾ ಯಾರ ಜೋಡಿ ಕೂಡ್ಲಿ?"

ಬಾಯಿಗೆ ಬಂದದ್ದು ಬೈದು ಮನೆಗೆ ಬಂದೆ. ಬೈದದ್ದರಲ್ಲಿ ಅರ್ಧ ನನಗೇ ಸೇರಬೇಕಾದದ್ದು. ಅವತ್ತು ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ, ಸಿಡಿ ಕಳೆದದ್ದನ್ನೂ, ಕಾಕಾನ ಬಾಯಿಂದ ಬಂದ ದನಿಯನ್ನೂ. ಅವಳು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಮಡಿಕೆ ಬಿಚ್ಚಿದ ಸೀರೆ ಉಟ್ಟು, "ನಡೀ, ಹೋಗೂಣು," ಎಂದಳು.

ಅಂಗಡಿಯಲ್ಲಿ ಅವ್ವ ಸ್ಟೂಲಿನ ಮೇಲೆ ರಸ್ತೆಗೆ ಮುಖ ಮಾಡಿ, ಕಾಕಾನಿಗೆ ಬೆನ್ನು ಕೊಟ್ಟು ಕೂತಳು.

"ತಪ್ಪಾತ್ರಿ ವೈನಿ," ಎಂದರು ಕಾಕಾ.

"ಅದ ಇರ್ಲಿ ಬಿಡ್ರಿ. ಅವ್ರ ಮಾತಾಡಿದ್ದ ಮಾತಾಡ್ರಿ."

ಕಾಕಾ ಎದ್ದು ನಿಂತು ಕಣ್ಣು ಮುಚ್ಚಿದರು. "ಏ, ನಾ ಏನ ಮಾತಾಡ್ಲೋ ಕ್ಯಾಮರಾದಾಗ? ಎಲ್ಲಾರೂ ಉಂಡ ಹೋಗ್ರಿ. ಕೂಸಿಗೆ ದೃಷ್ಟಿ ತಗೀರಿ. ಕೇಳಿಸ್ತೇನ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, ನಾನು ತಡೆಯುವಷ್ಟರಲ್ಲಿ, ಕೇಳಿಯೇಬಿಟ್ಟಳು: "ಅವತ್ತ ಬುತ್ತಿ ಉಂಡ್ರೇನ?"

ಬುತ್ತಿಯ ಸಂಗತಿ ಕಾಕಾನಿಗೆ ನಾವು ಯಾರೂ ಹೇಳಿರಲಿಲ್ಲ. ಮತ್ತೆ ಬಂದ ದನಿ ಗಟ್ಟಿಯಾಗಿರಲಿಲ್ಲ. ಅಪ್ಪ ಎಷ್ಟೋ ದಿನಕ್ಕೊಮ್ಮೆ ಅವ್ವನ ಹತ್ತಿರ ಕೂತು ಆಡುತ್ತಿದ್ದ ಸಣ್ಣ ದನಿ. "ಉಂಡೆ. ಪಲ್ಯಾಗ ಉಪ್ಪ ಭಾಳ ಆಗಿತ್ತು."

ಅವ್ವ ನನಗಿಂತ ಮುಂದೆ ಮನೆಗೆ ನಡೆದಳು. ಹೊಸ್ತಿಲ ಹತ್ತಿರ ನಿಂತು ಹೇಳಿದಳು: "ಸಿಟ್ಟಿನ ಭರದಾಗ ಅವತ್ತ ಎರಡ ಸಲ ಉಪ್ಪ ಹಾಕಿದ್ನಿ. ಬೋಗಣ್ಯಾಗ ಉಳದದ್ದ ನಾನ ತಿಂದ ನೋಡೀನಿ. ಯಾರಿಗೂ ಹೇಳಿಲ್ಲ."

ನಾನು ಅಂಗಡಿಗೆ ಓಡಿದೆ. ಉಪ್ಪಿನ ಮಾತು ಎಲ್ಲಿಂದ ತಂದಿರಿ ಎಂದು ಕೇಳಿದೆ. "ಯಾವ ಉಪ್ಪು? ಸಿಡ್ಯಾಗ ಇದ್ದಷ್ಟ ಅಂದೀನಲ್ಲೋ," ಎಂದರು ಕಾಕಾ. ಆ ಮುಖದಲ್ಲಿ ಕಪಟ ಕಾಣಲಿಲ್ಲ. ಉಪ್ಪು ಹೆಚ್ಚಾಯಿತೆಂದು ಯಾವ ಗಂಡ ಬೇಕಾದರೂ ಹೇಳಬಹುದು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಅದು ಸಮಾಧಾನ ಅಷ್ಟೇ.

ಅಲ್ಲಿಂದ ಮುಂದೆ ಸೋಮವಾರಕ್ಕೊಮ್ಮೆ ಅವ್ವ ಹೋಗಿ, ಅದೇ ಸ್ಟೂಲಿನ ಮೇಲೆ ಬೆನ್ನು ಕೊಟ್ಟು ಕೂತು, ಅದೇ ನಾಲ್ಕು ಮಾತು ಕೇಳಿಕೊಂಡು ಬರುತ್ತಿದ್ದಳು. ಎರಡನೆಯ ಪ್ರಶ್ನೆ ಎಂದೂ ಕೇಳಲಿಲ್ಲ. ಒಮ್ಮೆ ನಾನು ದನಿ ಹಿಡಿದಿಡೋಣವೆಂದು ಫೋನ್ ತೆಗೆದರೆ ಕೈ ತಳ್ಳಿದಳು. "ಬ್ಯಾಡ. ನೀ ಮತ್ತ ಎಲ್ಲೆರ ಕಳೀತಿ." ಹದಿನೈದು ವರ್ಷ ನಿದ್ದೆ ಸರಿಯಾಗಿ ಇಲ್ಲದವಳು ಆಗೀಗ ಮಧ್ಯಾಹ್ನವೂ ಮಲಗತೊಡಗಿದಳು. ನಮ್ಮಪ್ಪನನ್ನು ನಮ್ಮಿಂದ ಮುಚ್ಚಿಟ್ಟವರೂ ಕಾಕಾ, ಸಿಟ್ಟು ಇಳಿಸಿ ಮನೆಗೆ ಕಳಿಸಿದವರೂ ಕಾಕಾ. ಬೈದದ್ದಕ್ಕೆ ನಾನು ಕ್ಷಮೆ ಕೇಳಲೇ ಇಲ್ಲ. ಆ ಋಣ ಹಾಗೇ ಉಳಿಯಿತು.

ಈ ಸಲದ ಬೇಸಿಗೆಯಲ್ಲಿ, ಊಟ ಮಾಡಿ ಒರಗಿದ ಕಾಕಾ ಏಳಲಿಲ್ಲ. ಸುದ್ದಿ ಬಂದಾಗ ನಾನು ಹಳಿಯಾಳದಲ್ಲಿ ಕಂಬದ ಮೇಲಿದ್ದೆ. ಇಳಿದು ಮನೆಗೆ ಬಂದು ಹೇಳಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, ಬಚ್ಚಲಿಗೆ ಹೋಗಿ, ಉಟ್ಟ ಸೀರೆಯ ಮೇಲೆಯೇ ತಲೆಗೆ ನೀರು ಹೊಯ್ದುಕೊಂಡಳು.

"ಅವ್ವಾ, ಸೂತಕ ಹಿಡ್ಯಾಕ ಅವರು ನಮಗ ಏನ ಆಗಬೇಕ?" ಎಂದೆ ಹೊರಗೆ ನಿಂತು.

ನೀರು ಸೋರುವ ಸೀರೆಯಲ್ಲೇ ಬಾಗಿಲಿಗೆ ಬಂದಳು.

"ಇವತ್ತ ನಿಮ್ಮಪ್ಪ ಹೋದ್ರು," ಎಂದಳು. "ಬಾ, ನೀನೂ ನೀರ ಹಾಕ್ಕೋ."

ನಾನು ಹೋಗಿ ಹಾಕಿಕೊಂಡೆ.